ಇರುಳ ನೆಲೆ ಮೊದಲು, ಹಾದಿ ಆಮೇಲೆ

ಕಾರಿನಲ್ಲಿ ಹೊರಡುವ ಕುಟುಂಬ ಪ್ರವಾಸದ ಯೋಜನೆ ಬಹುಪಾಲು ನೋಡಬೇಕಾದ ಸ್ಥಳಗಳ ಪಟ್ಟಿಯಿಂದಲೇ ಶುರುವಾಗುತ್ತದೆ. ಆ ಸ್ಥಳಗಳನ್ನು ನಕಾಶೆಯ ಮೇಲೆ ಒಂದೇ ಗೆರೆಯಲ್ಲಿ ಪೋಣಿಸಿ, ಗೆರೆಯ ಉದ್ದವನ್ನು ರಜೆಯ ದಿನಗಳಿಗೆ ಹಂಚಿ, ದಿನದ ಪಾಲು ಮುಗಿಯುವಲ್ಲಿ ಯಾವ ಊರು ಸಿಗುತ್ತದೆಯೋ ಅಲ್ಲಿ ಕೋಣೆ ಹುಡುಕುವುದು ರೂಢಿಯಾಗಿದೆ. ಹೀಗೆ ಮಾಡಿದಾಗ ರಾತ್ರಿಯ ವಸತಿ ಎಂಬುದು ಹಗಲಿನ ಓಟದಲ್ಲಿ ಉಳಿದುಬಂದ ಶೇಷವಾಗುತ್ತದೆ, ಮತ್ತು ಪ್ರವಾಸದ ಅತ್ಯುತ್ತಮ ಹೊತ್ತುಗಳಾದ ಮುಂಜಾವು ಹಾಗೂ ಸಂಜೆಗಳು ಸಾಮಾನು ಕಟ್ಟುವುದರಲ್ಲಿ, ಬಿಚ್ಚುವುದರಲ್ಲಿ, ಊರ ಹೊರಗಿನ ಸಂಚಾರದಲ್ಲಿ ಕಳೆದುಹೋಗುತ್ತವೆ. ಈ ಕ್ರಮವನ್ನು ತಲೆಕೆಳಗು ಮಾಡಿ, ಯಾವ ಯಾವ ಊರಿನಲ್ಲಿ ಬೆಳಗಾಗಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಆ ಬೆಳಗುಗಳನ್ನು ಜೋಡಿಸುವ ರಸ್ತೆಗಳನ್ನು ಆಮೇಲೆ ಆರಿಸಿಕೊಂಡರೆ ಅದೇ ದಿನಗಳಲ್ಲಿ, ಅದೇ ಖರ್ಚಿನಲ್ಲಿ ಬೇರೆಯೇ ಗುಣಮಟ್ಟದ ಪ್ರವಾಸ ಸಿದ್ಧವಾಗುತ್ತದೆ. ಬೆಂಗಳೂರಿನಿಂದ ಚಿತ್ರದುರ್ಗ, ಹಂಪಿ, ಬಾದಾಮಿಗಳ ಮೂಲಕ ವಿಜಯಪುರದವರೆಗೆ ಹೋಗಿಬರುವ ಹಾದಿ ಈ ಮಾತನ್ನು ಪರೀಕ್ಷಿಸಿ ನೋಡಲು ತಕ್ಕ ನಿದರ್ಶನವಾಗಿದೆ.

ಪ್ರವಾಸದ ರಾತ್ರಿಗಳು ಎರಡು ಬಗೆಯವು. ಮುಂದಿನ ಊರನ್ನು ಒಂದೇ ದಿನದಲ್ಲಿ ತಲುಪಲಾಗದೆ ನಡುವೆ ಮಲಗಿ ಏಳುವ ರಾತ್ರಿಯನ್ನು ದಾರಿತಂಗು ಎನ್ನಬಹುದು; ಇಲ್ಲಿ ಹೆದ್ದಾರಿಗೆ ಹತ್ತಿರವಿರುವುದು, ತಡರಾತ್ರಿ ಬಂದರೂ ಊಟ ಸಿಗುವುದು, ಬೆಳಿಗ್ಗೆ ಬೇಗ ಹೊರಡಲು ಅನುಕೂಲವಿರುವುದು ಇಷ್ಟಿದ್ದರೆ ಸಾಕು. ಎರಡು ಅಥವಾ ಮೂರು ರಾತ್ರಿ ಒಂದೇ ಕಡೆ ಬಿಡಾರ ಹೂಡಿ, ಸಾಮಾನನ್ನು ಕೋಣೆಯಲ್ಲೇ ಬಿಟ್ಟು, ಸುತ್ತಲಿನ ಸ್ಥಳಗಳಿಗೆ ಹೋಗಿ ಬಂದು ಅದೇ ಹಾಸಿಗೆಗೆ ಮರಳುವ ಊರನ್ನು ನೆಲೆ ಎಂದು ಕರೆಯುವುದು ಸೂಕ್ತ. ನೆಲೆಯ ಆಯ್ಕೆಯಲ್ಲಿ ಹೆದ್ದಾರಿಯ ಸಾಮೀಪ್ಯಕ್ಕೆ ಹೆಚ್ಚಿನ ಬೆಲೆಯಿಲ್ಲ. ನೋಡಬೇಕಾದ ಸ್ಥಳಕ್ಕೆ ಸೂರ್ಯೋದಯದ ಹೊತ್ತಿಗೆ ತಲುಪಲು ಸಾಧ್ಯವೇ, ಸೂರ್ಯಾಸ್ತದವರೆಗೆ ಅಲ್ಲಿದ್ದು ಕತ್ತಲಾಗುವುದರೊಳಗೆ ಮರಳಬಹುದೇ ಎಂಬುದೇ ಮುಖ್ಯ ಪ್ರಶ್ನೆ. ಪ್ರತಿರಾತ್ರಿ ಊರು ಬದಲಿಸುವ ಪ್ರವಾಸದಲ್ಲಿ ಎಲ್ಲ ರಾತ್ರಿಗಳೂ ದಾರಿತಂಗುಗಳೇ ಆಗುವುದರಿಂದ, ಮಕ್ಕಳೂ ಹಿರಿಯರೂ ಇರುವ ಕುಟುಂಬವು ಮೂರನೆಯ ದಿನಕ್ಕೆಲ್ಲ ದಣಿದುಹೋಗುತ್ತದೆ.

ಈ ಹಾದಿಯ ಬೆನ್ನೆಲುಬು ಎರಡು ರಾಷ್ಟ್ರೀಯ ಹೆದ್ದಾರಿಗಳು. ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರುಗಳ ಮೂಲಕ ಚಿತ್ರದುರ್ಗದವರೆಗೆ ಸುಮಾರು 200 ಕಿ.ಮೀ. ದೂರ 48ನೆಯ ಹೆದ್ದಾರಿಯಲ್ಲಿ ಸಾಗಬೇಕು. ಹಳೆಯ ಎಣಿಕೆಯಂತೆ ಇದು 4ನೆಯದು, ಮತ್ತು ಜನರ ಮಾತಿನಲ್ಲಿ ಇಂದಿಗೂ ಆ ಸಂಖ್ಯೆಯೇ ಕೇಳಿಬರುತ್ತದೆ. ಚಿತ್ರದುರ್ಗದಲ್ಲಿ ಕವಲೊಡೆಯುವ 50ನೆಯ ಹೆದ್ದಾರಿ, ಅಂದರೆ ಹಿಂದಿನ 13ನೆಯದು, ಕೂಡ್ಲಿಗಿಯ ಮೇಲೆ ಸುಮಾರು 135 ಕಿ.ಮೀ. ಸಾಗಿ ಹೊಸಪೇಟೆಗೆ ಬರುತ್ತದೆ. ಅಲ್ಲಿಂದ ಕುಷ್ಟಗಿ, ಇಳಕಲ್ಲು, ಹುನಗುಂದಗಳನ್ನು ಹಾಯ್ದು ವಿಜಯಪುರಕ್ಕೆ ಹೋಗುತ್ತದೆ. ಇವೆರಡೂ ಚತುಷ್ಪಥ ರಸ್ತೆಗಳಾದ್ದರಿಂದ ಚಹಾ, ಶೌಚ, ಟೋಲ್ ಎಲ್ಲವನ್ನೂ ಸೇರಿಸಿ ಗಂಟೆಗೆ 60 ಕಿ.ಮೀ. ಲೆಕ್ಕ ಹಿಡಿದರೆ ತಪ್ಪಾಗದು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಾದರೋ ಹೆದ್ದಾರಿಯಿಂದ ಪಶ್ಚಿಮಕ್ಕೆ ಸರಿದು ಕುಳಿತಿವೆ. ಅಲ್ಲಿಗೆ ಹೋಗುವ ರಸ್ತೆಗಳಲ್ಲಿ ಊರಿಗೊಂದು ಹಂಪು, ಎತ್ತಿನ ಬಂಡಿ, ಕುರಿಹಿಂಡು, ಸಂತೆಯ ದಿನದ ಗದ್ದಲ ಎಲ್ಲ ಇರುವುದರಿಂದ ಗಂಟೆಗೆ 40 ಕಿ.ಮೀ.ಗಿಂತ ಹೆಚ್ಚಿನ ಲೆಕ್ಕ ಹಾಕುವುದು ಸರಿಯಲ್ಲ. ಮೊಬೈಲ್ ನಕಾಶೆ ತೋರಿಸುವ ಸಮಯವು ಬರೀ ವಾಹನ ಚಲಿಸುವ ಸಮಯ. ಅದಕ್ಕೆ ಕಾಲುಭಾಗವನ್ನಾದರೂ ಸೇರಿಸಿಕೊಳ್ಳಬೇಕು.

ದೂರಕ್ಕಿಂತಲೂ ಬಿಗಿಯಾದ ಮಿತಿ ಬೆಳಕಿನದು. ಈ ಸೀಮೆಗೆ ಹೋಗಲು ಯೋಗ್ಯವಾದ ಕಾಲ ನವೆಂಬರಿನಿಂದ ಫೆಬ್ರವರಿಯವರೆಗೆ; ಮಾರ್ಚಿನ ನಂತರ ಹೊಸಪೇಟೆ, ಬಾದಾಮಿ, ವಿಜಯಪುರಗಳ ಬಿಸಿಲು ಬಂಡೆಗಳ ಮೇಲೆ ಕಾಲಿಡಲು ಬಿಡುವುದಿಲ್ಲ. ಆದರೆ ಅದೇ ಚಳಿಗಾಲದಲ್ಲಿ ಹಗಲು ಗಿಡ್ಡವಾಗಿರುತ್ತದೆ, ಡಿಸೆಂಬರಿನ ಕೊನೆಯಲ್ಲಿ ಹಂಪಿಯ ಅಕ್ಷಾಂಶದಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತಕ್ಕೆ ಸಿಗುವುದು ಸುಮಾರು ಹನ್ನೊಂದೂಕಾಲು ಗಂಟೆ. ಪುರಾತತ್ವ ಇಲಾಖೆಯ ಸ್ಮಾರಕಗಳು ಕತ್ತಲಾಗುವ ಮುನ್ನ ಮುಚ್ಚುತ್ತವೆ. ಹೀಗಾಗಿ ಐದು ಗಂಟೆ ಕಾರಿನಲ್ಲಿ ಕಳೆಯುವ ದಿನ ನೋಡುವುದಕ್ಕೆ ಉಳಿಯುವುದು ಆರು ಗಂಟೆ ಮಾತ್ರ. ಅದರಲ್ಲಿ ಊಟದ ಹೊತ್ತನ್ನೂ ನಡುಮಧ್ಯಾಹ್ನದ ಬಿಸಿಲನ್ನೂ ಕಳೆದರೆ ಒಂದು ಸ್ಥಳವನ್ನು ಮನಸಿಟ್ಟು ನೋಡಬಹುದೇ ಹೊರತು ಎರಡನ್ನಲ್ಲ. ಎಳೆಬಿಸಿಲಿನಲ್ಲಿ ಕಲ್ಲಿನ ಕೆತ್ತನೆ ನೆರಳು ತಳೆದು ಎದ್ದು ಕಾಣುವಂತೆ ಮಧ್ಯಾಹ್ನ ಕಾಣುವುದಿಲ್ಲ ಎಂಬುದನ್ನು ಶಿಲ್ಪದಲ್ಲಿ ಆಸಕ್ತಿಯಿರುವವರೆಲ್ಲ ಬಲ್ಲರು.

ಕತ್ತಲಾದ ಮೇಲೆ ಓಡಿಸಿ ಈ ಕೊರತೆಯನ್ನು ತುಂಬಿಕೊಳ್ಳಬಹುದೆಂಬ ಲೆಕ್ಕಾಚಾರ ಅಪಾಯಕಾರಿ. ಪ್ರವಾಸದ ಋತುವೇ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕಬ್ಬು ನುರಿಸುವ ಋತುವೂ ಆಗಿರುತ್ತದೆ. ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ, ಅಗಲಕ್ಕೂ ಎತ್ತರಕ್ಕೂ ಕಬ್ಬು ಹೇರಿ, ಹಿಂದಿನ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದೆ ಕಾರ್ಖಾನೆಯ ಕಡೆಗೆ ರಾತ್ರಿಯಿಡೀ ಸಾಗುವ ಸಾಲುಗಳು ಎದುರಿನ ದೀಪದ ಬೆಳಕಿನಲ್ಲಿ ತೀರ ಹತ್ತಿರಕ್ಕೆ ಬರುವವರೆಗೂ ಕಾಣಿಸುವುದಿಲ್ಲ. ರಾಶಿಯ ದಿನಗಳಲ್ಲಿ ಡಾಂಬರು ರಸ್ತೆಯೇ ಕಣವಾಗುತ್ತದೆ. ಹಾಸಿದ ದಂಟಿನ ಮೇಲೆ ವಾಹನಗಳು ಹಾದು ಕಾಳು ಉದುರಲಿ ಎಂಬುದು ರೈತರ ಅನಿವಾರ್ಯದ ಉಪಾಯವಾದರೂ, ಅದರ ಮೇಲೆ ಚಕ್ರ ಜಾರುವ ಮತ್ತು ಒಣ ಹೊಟ್ಟು ಕಾರಿನ ತಳದ ಬಿಸಿ ಭಾಗಗಳಿಗೆ ಸುತ್ತಿಕೊಂಡು ಹೊತ್ತಿಕೊಳ್ಳುವ ಭಯ ಇದ್ದೇ ಇರುತ್ತದೆ. ಆದ್ದರಿಂದ ಸಂಜೆ ಆರರೊಳಗೆ ನೆಲೆಗೆ ಸೇರುವುದು ಈ ಸೀಮೆಯ ಪ್ರವಾಸದ ಮೊದಲ ನಿಯಮವಾಗಬೇಕು. ರಾಜ್ಯದ ದಕ್ಷಿಣದ ತುದಿಯಲ್ಲಿ ಇಂಥದೇ ನಿಯಮವನ್ನು ಕಾನೂನೇ ವಿಧಿಸಿದೆ: ಬಂಡೀಪುರದ ಹುಲಿ ಸಂರಕ್ಷಿತ ಪ್ರದೇಶದ ಮೂಲಕ ಕೇರಳಕ್ಕೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ ವನ್ಯಪ್ರಾಣಿಗಳ ಸಾವನ್ನು ತಡೆಯಲು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳ ಸಂಚಾರಕ್ಕೆ ನಿಷೇಧವಿದ್ದು, ಹೊತ್ತು ಮೀರಿ ಬಂದವರು ಗುಂಡ್ಲುಪೇಟೆಯಲ್ಲೇ ತಂಗಬೇಕಾಗುತ್ತದೆ. ಉತ್ತರದ ರಸ್ತೆಗಳಲ್ಲಿ ಗೇಟು ಹಾಕುವವರಿಲ್ಲ. ಪ್ರವಾಸಿಯೇ ಗೇಟು ಹಾಕಿಕೊಳ್ಳಬೇಕು.

ಮೊದಲ ರಾತ್ರಿಯ ಪ್ರಶ್ನೆಯಲ್ಲಿಯೇ ಹಲವು ಯೋಜನೆಗಳು ಎಡವುತ್ತವೆ. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು ಅದೇ ದಿನ ಹೊಸಪೇಟೆ ಸೇರುವುದು ಸಾಧ್ಯವೇ ಆದರೂ, ಹಾಗೆ ಹೋಗುವವರು ಚಿತ್ರದುರ್ಗದ ಕೋಟೆಯನ್ನು ಬಿಟ್ಟುಬಿಡುತ್ತಾರೆ, ಇಲ್ಲವೇ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಹತ್ತಿ ಅರ್ಧಕ್ಕೇ ಇಳಿಯುತ್ತಾರೆ. ಏಳು ಸುತ್ತಿನ ಆ ಕೋಟೆ ಬಂಡೆಗಳ ನಡುವೆ ಏರುತ್ತ ಹೋಗುವಂಥದು. ಹೊಂಡಗಳು, ದೇಗುಲಗಳು, ಕಾವಲು ಬುರುಜುಗಳು ಎಲ್ಲವನ್ನೂ ನೋಡಲು ಮೂರು ಗಂಟೆಯ ತಂಪು ಹೊತ್ತು ಬೇಕು. ಮಧ್ಯಾಹ್ನದ ಊಟ ಮುಗಿಸಿ ಬೆಂಗಳೂರು ಬಿಟ್ಟು, ನೆಲಮಂಗಲದ ದಟ್ಟಣೆಯನ್ನು ದಾಟಿ, ಸಂಜೆಗೆ ಚಿತ್ರದುರ್ಗ ತಲುಪಿ, ಅಲ್ಲಿ ಒಂದು ದಾರಿತಂಗು ಮಾಡಿ, ಮರುದಿನ ಬಾಗಿಲು ತೆರೆಯುತ್ತಲೇ ಕೋಟೆ ಹತ್ತುವ ಯೋಜನೆ ಹೆಚ್ಚು ವಿವೇಕದ್ದು. ಅರ್ಧದಿನದ ರಜೆಯಲ್ಲೇ ನಗರದಿಂದ ಹೊರಬಿದ್ದಂತಾಗುತ್ತದೆ, ಹತ್ತೂವರೆಗೆ ಕೋಟೆ ಇಳಿದರೆ ಮಧ್ಯಾಹ್ನದ ಹೊತ್ತಿಗೆ ಹೊಸಪೇಟೆಯ ಕಡೆಗೆ ಇರಬಹುದು.

ಹಂಪಿಯ ನೆಲೆ ಎಲ್ಲಿರಬೇಕು ಎಂಬುದು ಈ ಹಾದಿಯ ಅತ್ಯಂತ ಸ್ವಾರಸ್ಯದ ಪ್ರಶ್ನೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪ್ರದೇಶ ಒಂದು ಊರಲ್ಲ, ಹರಡಿಕೊಂಡ ಒಂದು ರಾಜಧಾನಿಯ ಅವಶೇಷ. ವಿರೂಪಾಕ್ಷ, ವಿಠ್ಠಲ ಮುಂತಾದ ದೇಗುಲಗಳು ತುಂಗಭದ್ರೆಯ ದಂಡೆಗೆ ಹತ್ತಿರವಾಗಿ ಒಂದು ಗುಂಪಾದರೆ, ಮಹಾನವಮಿ ದಿಬ್ಬ, ಕಮಲಮಹಲು, ಆನೆಲಾಯಗಳಿರುವ ರಾಜಪ್ರಾಂಗಣದ ಗುಂಪು ದಕ್ಷಿಣಕ್ಕೆ ಕಮಲಾಪುರದ ಬದಿಗೆ ಇದೆ. ತಂಗಲು ನಾಲ್ಕು ಆಯ್ಕೆಗಳಿವೆ. ಹೊಸಪೇಟೆ 13 ಕಿ.ಮೀ. ದೂರದಲ್ಲಿದ್ದು, ವಿಜಯನಗರ ಜಿಲ್ಲೆಯ ಕೇಂದ್ರವಾದ ಆ ಊರಿನಲ್ಲಿ ಎಲ್ಲ ದರ್ಜೆಯ ಹೋಟೆಲು, ಆಸ್ಪತ್ರೆ, ಗ್ಯಾರೇಜು, ರೈಲು ನಿಲ್ದಾಣ ಇವೆ. ಅದಿರು ಲಾರಿಗಳೂ ಪೇಟೆಯ ದಟ್ಟಣೆಯೂ ಇವೆ, ಮುಂಜಾವಿನಲ್ಲಿ ಎದ್ದು ಹೊರಡುವ ಉತ್ಸಾಹವನ್ನು ಆ ಅರ್ಧ ಗಂಟೆಯ ಓಟ ಕುಗ್ಗಿಸುತ್ತದೆ. ಹಂಪಿ ಗ್ರಾಮದ ಸಣ್ಣ ತಂಗುಮನೆಗಳು ವಿರೂಪಾಕ್ಷನ ಗೋಪುರಕ್ಕೆ ನಡೆದುಹೋಗುವ ದೂರದಲ್ಲಿರುವುದು ದೊಡ್ಡ ಭಾಗ್ಯವಾದರೂ, ಕಾರು ನಿಲ್ಲಿಸುವ ಜಾಗಕ್ಕೂ ಹಿರಿಯರ ಅನುಕೂಲಕ್ಕೂ ಅಲ್ಲಿ ಕೊರತೆಯಿದೆ.

ಕಾರಿನಲ್ಲಿ ಬಂದವರಿಗೆ ಕಮಲಾಪುರವೇ ಸರಿಯಾದ ನೆಲೆ ಎಂದು ಧೈರ್ಯವಾಗಿ ಹೇಳಬಹುದು. ಹಂಪಿಗೆ ಅಲ್ಲಿಂದ ನಾಲ್ಕೇ ಕಿ.ಮೀ.; ರಾಜಪ್ರಾಂಗಣವಂತೂ ಊರ ಅಂಚಿನಲ್ಲೇ ಶುರುವಾಗುತ್ತದೆ, ಪುರಾತತ್ವ ವಸ್ತುಸಂಗ್ರಹಾಲಯ ಊರೊಳಗೇ ಇದೆ. ಸೂರ್ಯೋದಯಕ್ಕೆ ಮಾತಂಗ ಬೆಟ್ಟ, ಬಿಸಿಲು ಏರುವ ಮೊದಲು ವಿಠ್ಠಲ ದೇಗುಲ, ಮಧ್ಯಾಹ್ನ ಕೋಣೆಗೆ ಮರಳಿ ಊಟ ಮತ್ತು ನಿದ್ರೆ, ನಾಲ್ಕರ ನಂತರ ರಾಜಪ್ರಾಂಗಣ ಎಂಬ ದಿನಚರಿ ಇಲ್ಲಿಂದ ಮಾತ್ರ ಸಲೀಸಾಗಿ ನಡೆಯುತ್ತದೆ, ಏಕೆಂದರೆ ಮಧ್ಯಾಹ್ನ ಹಾಸಿಗೆಗೆ ಮರಳುವ ಅವಕಾಶವೇ ನೆಲೆಯ ನಿಜವಾದ ಲಾಭ. ಟಿಕೆಟ್ಟಿನ ವಿಚಾರವೂ ಇಲ್ಲಿ ನೆನಪಿರಬೇಕು: ವಿಠ್ಠಲ ದೇಗುಲದಲ್ಲಿ ಕೊಂಡ ಟಿಕೆಟ್ಟು ಅದೇ ದಿನ ರಾಣಿವಾಸದ ಆವರಣಕ್ಕೂ ವಸ್ತುಸಂಗ್ರಹಾಲಯಕ್ಕೂ ನಡೆಯುವುದರಿಂದ ಈ ಮೂರನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು, ಆ ದಿನ ಶುಕ್ರವಾರ ಆಗದಂತೆ ನೋಡಿಕೊಳ್ಳಬೇಕು, ಅಂದು ಸಂಗ್ರಹಾಲಯಕ್ಕೆ ರಜೆ. ಎರಡನೆಯ ದಿನದ ಮಧ್ಯಾಹ್ನವನ್ನು ದರೋಜಿ ಕರಡಿಧಾಮಕ್ಕೆ ಮೀಸಲಿಡಬಹುದು. ಹೊತ್ತು ಇಳಿಯುತ್ತಿದ್ದಂತೆ ಕರಡಿಗಳು ಬಂಡೆಗಳ ಮರೆಯಿಂದ ಹೊರಬರುವುದನ್ನು ವೀಕ್ಷಣಾ ಗೋಪುರದಿಂದ ನೋಡಿ ಕತ್ತಲಾಗುವ ಹೊತ್ತಿಗೆ ಕಮಲಾಪುರಕ್ಕೆ ಮರಳಬಹುದು.

ನಾಲ್ಕನೆಯ ಆಯ್ಕೆಯಾದ ಆನೆಗೊಂದಿ ನದಿಯ ಉತ್ತರ ದಂಡೆಯಲ್ಲಿದೆ. ಭತ್ತದ ಗದ್ದೆ, ಬಾಳೆತೋಟಗಳ ನಡುವಿನ ಆ ಊರಿನ ಶಾಂತಿಗೆ ಸಾಟಿಯಿಲ್ಲ, ಅಂಜನಾದ್ರಿ ಬೆಟ್ಟದ 575 ಮೆಟ್ಟಿಲುಗಳನ್ನು ನಸುಕಿನಲ್ಲಿ ಹತ್ತುವವರಿಗೆ ಅದಕ್ಕಿಂತ ಹತ್ತಿರದ ತಾಣವಿಲ್ಲ. ಆದರೆ ನಕಾಶೆ ಇಲ್ಲಿ ಮೋಸ ಮಾಡುತ್ತದೆ. ಹಂಪಿಯ ದಂಡೆಯಲ್ಲಿ ನಿಂತರೆ ಕೂಗಳತೆಯಲ್ಲಿ ಕಾಣುವ ಆಚೆ ದಡಕ್ಕೆ ಕಾರು ಅಲ್ಲಿಂದ ಹೋಗುವುದಿಲ್ಲ. ವಿಠ್ಠಲ ದೇಗುಲದ ಸಮೀಪದ ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಕಾರಿನಲ್ಲಿ ಹೋಗುವವರು ಬುಕ್ಕಸಾಗರ, ಕಡೇಬಾಗಿಲುಗಳ ನಡುವಿನ ಸೇತುವೆಯ ಮೂಲಕ ಬಳಸಿಕೊಂಡು ಹೋಗಬೇಕು. ದೋಣಿ, ಹರಿಗೋಲುಗಳೂ ಜಲಾಶಯದಿಂದ ನೀರು ಬಿಟ್ಟ ದಿನಗಳಲ್ಲಿ ನಿಂತುಹೋಗುತ್ತವೆ. ಹಾಗಾಗಿ ಆನೆಗೊಂದಿಯನ್ನು ಹಂಪಿಯ ಬದಲಿಯಾಗಿ ಆರಿಸದೆ, ಬಿಡುವಿದ್ದರೆ ಮೂರನೆಯ ರಾತ್ರಿಗೆ ಇಟ್ಟುಕೊಳ್ಳುವುದು ಮೇಲು.

ಕಮಲಾಪುರದಿಂದ ಬಾದಾಮಿಗೆ ಹೋಗುವ ದಿನದ ಯೋಜನೆಯಲ್ಲಿ ಒಂದು ಪ್ರಲೋಭನೆಯಿದೆ. ಹೆದ್ದಾರಿಯಲ್ಲಿ ಹುನಗುಂದದವರೆಗೆ ಸಾಗಿ, ಕರದಂಟಿಗೆ ಹೆಸರಾದ ಅಮೀನಗಡದಲ್ಲಿ ತಿರುಗಿ, ಐಹೊಳೆ, ಪಟ್ಟದಕಲ್ಲುಗಳನ್ನು ದಾರಿಯಲ್ಲೇ ಮುಗಿಸಿ ಸಂಜೆಗೆ ಬಾದಾಮಿ ಸೇರಬಹುದೆಂದು ನಕಾಶೆ ಸೂಚಿಸುತ್ತದೆ. ದೂರದ ಲೆಕ್ಕಕ್ಕೆ ಇದು ಸರಿ, ಬೆಳಕಿನ ಲೆಕ್ಕಕ್ಕೆ ಅಲ್ಲ. ಪಟ್ಟದಕಲ್ಲಿನ ಮುಖ್ಯ ದೇಗುಲಗಳು ಪೂರ್ವಾಭಿಮುಖವಾಗಿವೆ. ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇಗುಲದ ಮುಖಮಂಟಪದ ಮೇಲೆ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ, ಮಧ್ಯಾಹ್ನ ಕಳೆದ ಮೇಲೆ ಅದೇ ಮುಖ ನೆರಳಿನಲ್ಲಿ ಮಂಕಾಗುತ್ತದೆ. ಆದ್ದರಿಂದ ಪ್ರಯಾಣದ ದಿನ ಐಹೊಳೆಯೊಂದನ್ನೇ ನೋಡಿ, ಪಟ್ಟದಕಲ್ಲನ್ನು ದಾರಿಬದಿಯಲ್ಲೇ ಬಿಟ್ಟು ನೆಲೆ ಸೇರಿ, ಮರುದಿನ ಬೆಳಿಗ್ಗೆ ಬಾದಾಮಿಯಿಂದ 22 ಕಿ.ಮೀ. ಹಿಂದಕ್ಕೆ ಬರುವುದೇ ಯೋಗ್ಯ. ಬಂದ ದಾರಿಯಲ್ಲಿ ಮತ್ತೆ ಹೋಗುವುದು ವ್ಯರ್ಥವೆಂದು ಅನೇಕರಿಗೆ ಅನಿಸಬಹುದು. ಮುಕ್ಕಾಲು ಗಂಟೆಯ ಆ ವ್ಯರ್ಥದಿಂದ ದಕ್ಕುವುದು ಬಾದಾಮಿ ಚಾಲುಕ್ಯರ ಶ್ರೇಷ್ಠ ಕೃತಿಯ ಪೂರ್ಣ ದರ್ಶನ. ಮರಳುವಾಗ ಮಹಾಕೂಟದ ಪುಷ್ಕರಿಣಿಯನ್ನೂ ಸೇರಿಸಿಕೊಳ್ಳಬಹುದು.

ಬಾದಾಮಿಯೇ ಆದರೋ ಸಂಜೆಯ ಊರು. ಕೆಂಪು ಮರಳುಗಲ್ಲಿನ ಎರಡು ಬೆಟ್ಟಗಳ ನಡುವೆ ಅಗಸ್ತ್ಯತೀರ್ಥದ ಕೆರೆಯಿದ್ದು, ದಕ್ಷಿಣದ ಬೆಟ್ಟದಲ್ಲಿ ನಾಲ್ಕು ಗುಹಾದೇಗುಲಗಳಿವೆ; ಮೂರನೆಯದರಲ್ಲಿ ಕ್ರಿ.ಶ. 578ರ ಶಾಸನವಿದೆ. ಕೆರೆಯ ಪೂರ್ವ ದಂಡೆಯಲ್ಲಿ ನೀರಿನತ್ತ ಮುಖ ಮಾಡಿದ ಭೂತನಾಥ ದೇಗುಲದ ಮೇಲೂ ಹಿಂದಿನ ಬಂಡೆಗಳ ಮೇಲೂ ಇಳಿಬಿಸಿಲು ಬೀಳುವ ಹೊತ್ತಿಗೆ ಪ್ರವಾಸಿ ಬಸ್ಸುಗಳು ಹೊರಟುಹೋಗಿರುತ್ತವೆ, ಊರಲ್ಲೇ ತಂಗಿದವರು ಮಾತ್ರ ಅಲ್ಲಿರುತ್ತಾರೆ. ಹೆಚ್ಚು ಹೋಟೆಲುಗಳಿರುವ ಬಾಗಲಕೋಟೆಯಲ್ಲಿ ಉಳಿದು ಬಾದಾಮಿಗೆ ಬಂದುಹೋಗುವವರು ಕಳೆದುಕೊಳ್ಳುವುದು ಈ ಹೊತ್ತನ್ನೇ. ಇಲ್ಲಿ ಎರಡು ರಾತ್ರಿ ಬೇಕೇ ಬೇಕು. ಖಾನಾವಳಿಗಳಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ ಸಿಗುತ್ತದೆ, ಆದರೆ ಸಣ್ಣ ಊರಿನ ಅಡುಗೆಮನೆಗಳು ರಾತ್ರಿ ಬೇಗ ಆರುವುದರಿಂದ ತಡವಾಗಿ ಬರುವವರಿಗೆ ಉಪವಾಸವೇ ಗತಿ.

ವಿಜಯಪುರಕ್ಕೆ ಬಾದಾಮಿಯಿಂದ ಒಂದೇ ದಿನದಲ್ಲಿ ಹೋಗಿಬರುವವರು ಬಹಳ ಮಂದಿ. ಹಾಗೆ ಬಂದವರು ಗೋಳಗುಮ್ಮಟವನ್ನು ತಲುಪುವುದು ಹನ್ನೊಂದು ಗಂಟೆಗೆ, ಡಿಸೆಂಬರ್ ತಿಂಗಳ ಶಾಲಾ ಪ್ರವಾಸದ ಬಸ್ಸುಗಳೊಂದಿಗೆ. ಮಹಮ್ಮದ್ ಆದಿಲ್‌ಶಾಹನ ಸಮಾಧಿಯಾಗಿ 1656ರಲ್ಲಿ ನಿಂತ ಈ ಕಟ್ಟಡದ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಒಳಗೆ ಒಂದೂ ಕಂಬವಿಲ್ಲ. ಗುಮ್ಮಟದ ಬುಡದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಬದಿಗೆ ಗೋಡೆಗೆ ಬಾಯಿಟ್ಟು ಆಡಿದ ಮೆಲುಮಾತು ಎದುರು ಬದಿಗೆ ಕೇಳಿಸುತ್ತದೆ. ನೂರಾರು ಮಕ್ಕಳು ಒಟ್ಟಿಗೆ ಕೂಗುವಾಗ ಕೇಳಿಸುವುದು ಗದ್ದಲ ಮಾತ್ರ. ಮಕ್ಕಳ ಆ ಸಂತೋಷವನ್ನು ಯಾರೂ ಆಕ್ಷೇಪಿಸಬೇಕಿಲ್ಲ. ವಿಜಯಪುರದಲ್ಲೇ ಒಂದು ರಾತ್ರಿ ಉಳಿದು, ಹಿಂದಿನ ಸಂಜೆಯನ್ನು ಇಬ್ರಾಹಿಂ ರೋಜಾಕ್ಕೆ ಕೊಟ್ಟು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮೆಟ್ಟಿಲು ಹತ್ತಿದರೆ ಸಾಕು. ಒಟ್ಟು ರಜೆಯೇ ನಾಲ್ಕು ದಿನವಾದರೆ ವಿಜಯಪುರವನ್ನು ಪೂರ್ತಿ ಕೈಬಿಡುವುದು ಅರೆಬರೆ ನೋಡುವುದಕ್ಕಿಂತ ಎಷ್ಟೋ ಲೇಸು. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳು ಕಮಲಾಪುರ, ಬಾದಾಮಿ, ವಿಜಯಪುರ ಮೂರರಲ್ಲೂ ಇರುವುದು ಈ ನೆಲೆಗಳ ಯುಕ್ತತೆಯನ್ನು ಸೂಚಿಸುತ್ತದೆ.

ಕೋಣೆ ಕಾಯ್ದಿರಿಸುವ ಮೊದಲು ಪಂಚಾಂಗವನ್ನು ನೋಡದಿದ್ದರೆ ಮೇಲಿನ ಎಲ್ಲ ಲೆಕ್ಕವೂ ಕೆಡಬಹುದು. ಬಾದಾಮಿಯ ಬಳಿಯ ಬನಶಂಕರಿಯ ತೇರು ಪುಷ್ಯ ಮಾಸದ ಹುಣ್ಣಿಮೆಯಂದು, ಅಂದರೆ ಬನದ ಹುಣ್ಣಿಮೆಗೆ ಸಾಗುತ್ತದೆ. ಕೊಪ್ಪಳದ ಗವಿಮಠದ ತೇರು ಅದರ ಬೆನ್ನಿಗೇ ಬರುತ್ತದೆ. ಜನವರಿಯ ಆ ವಾರದಲ್ಲಿ ಲಕ್ಷಾಂತರ ಜನರು ಈ ರಸ್ತೆಗಳಲ್ಲಿರುವುದರಿಂದ ಬಾದಾಮಿಯಲ್ಲಿ ಕೋಣೆ ಸಿಗುವುದು ದುರ್ಲಭ, ಹಂಪಿ ಉತ್ಸವದ ದಿನಗಳಲ್ಲಿ ಹೊಸಪೇಟೆ, ಕಮಲಾಪುರಗಳದೂ ಅದೇ ಸ್ಥಿತಿ. ಸ್ಮಾರಕಗಳನ್ನು ಮಾತ್ರ ನೋಡುವವರು ಈ ದಿನಗಳನ್ನು ತಪ್ಪಿಸಬೇಕು. ಆದರೆ ವಾರಗಟ್ಟಲೆ ನಡೆಯುವ ಬನಶಂಕರಿ ಜಾತ್ರೆಯಲ್ಲಿ ವೃತ್ತಿನಾಟಕ ಕಂಪನಿಗಳು ಸಾಲಾಗಿ ಬಿಡಾರ ಹೂಡಿ ರಾತ್ರಿಯಿಡೀ ಆಟ ಆಡುವ ಪರಂಪರೆ ಇನ್ನೂ ಉಳಿದಿದೆ; ಅದನ್ನು ನೋಡಲೆಂದೇ ಬಾಗಲಕೋಟೆಯಲ್ಲಿ ಕೋಣೆ ಹಿಡಿದು ಹೋಗುವುದು ಸಾರ್ಥಕವಾದ ಪ್ರವಾಸ, ಆ ಒಂದು ಸಂದರ್ಭದಲ್ಲಿ ಬಾಗಲಕೋಟೆಯೇ ಸರಿಯಾದ ನೆಲೆ.

ವಸತಿಯ ಗುಣವನ್ನು ಅಳೆಯುವಾಗ ಜನ ಕೇಳುವ ಪ್ರಶ್ನೆಗಳಲ್ಲಿ ಬಹುಮುಖ್ಯವಾದ ಒಂದು ಬಿಟ್ಟುಹೋಗುತ್ತದೆ. ಕಾರು ಆವರಣದ ಒಳಗೆ ನಿಲ್ಲುತ್ತದೆಯೇ, ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ, ಮೊಣಕಾಲು ನೋವಿನವರಿಗೆ ನೆಲಮಹಡಿಯ ಕೋಣೆ ಇದೆಯೇ ಎಂದು ವಿಚಾರಿಸುವವರೂ, ಬಾಡಿಗೆ ಕಾರಿನ ಚಾಲಕ ಎಲ್ಲಿ ಮಲಗುತ್ತಾನೆ ಎಂದು ವಿಚಾರಿಸುವುದಿಲ್ಲ. ದಿನವಿಡೀ ಓಡಿಸಿದವನು ಸೀಟು ಹಿಂದಕ್ಕೆ ಮಡಚಿ ಸೊಳ್ಳೆಗಳ ನಡುವೆ ರಾತ್ರಿ ಕಳೆದರೆ, ಮರುದಿನ ಅವನ ಕಣ್ಣಿನ ಮೇಲೆ ಇಡೀ ಕುಟುಂಬದ ಪ್ರಾಣ ನಿಂತಿರುತ್ತದೆ. ಸಾರಿಗೆ ಕಾರ್ಮಿಕರ ದುಡಿಮೆಗೆ ದಿನಕ್ಕೆ 8 ಗಂಟೆಯ ಮಿತಿಯನ್ನು 1961ರಷ್ಟು ಹಿಂದೆಯೇ ಕಾಯ್ದೆ ನಿಗದಿ ಮಾಡಿತ್ತು, ಆದರೂ ಪ್ರವಾಸದ ಕಾರುಗಳಲ್ಲಿ ಹದಿನಾಲ್ಕು ಗಂಟೆಯ ದಿನಗಳು ಅಪರೂಪವಲ್ಲ. ದಿನದ ಬಾಟಾ ಕೊಟ್ಟ ಮಾತ್ರಕ್ಕೆ ಈ ಹೊಣೆ ತೀರುವುದಿಲ್ಲ. ಚಾಲಕರಿಗೆ ಹಾಸಿಗೆ, ಸ್ನಾನ, ಊಟ ಇರುವ ವಸತಿಯನ್ನೇ ಆರಿಸಬೇಕು, ಇಲ್ಲವಾದರೆ ಹತ್ತಿರದಲ್ಲಿ ಬೇರೆ ಕೋಣೆ ಹಿಡಿದುಕೊಡಬೇಕು. ಒಂದೇ ನೆಲೆಯಲ್ಲಿ ಎರಡು ಮೂರು ರಾತ್ರಿ ಉಳಿಯುವ ಪದ್ಧತಿಯಲ್ಲಿ ಚಾಲಕನಿಗೂ ಮಧ್ಯಾಹ್ನದ ವಿಶ್ರಾಂತಿ ತಾನಾಗಿ ದೊರೆಯುತ್ತದೆ.

ಹುಬ್ಬಳ್ಳಿ, ಧಾರವಾಡಗಳ ಕಡೆಯಿಂದ ಬರುವವರಿಗೆ ಗದಗವೇ ಮೊದಲ ನೆಲೆಯಾಗಬಹುದು. ಲಕ್ಕುಂಡಿ ಅಲ್ಲಿಂದ ಹನ್ನೆರಡು ಕಿ.ಮೀ., 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇಗುಲ ಅದರಾಚೆ; ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುವ ಮಾಗಡಿ ಕೆರೆ ಇನ್ನೊಂದು ದಿಕ್ಕಿಗೆ. ಬಾದಾಮಿಗೂ ಹೊಸಪೇಟೆಗೂ ಗದಗದಿಂದ ನೇರ ರಸ್ತೆಗಳಿವೆ.

ಮರಳಿ ಬರುವ ದಾರಿಯ ಬಗ್ಗೆ ಯೋಜನೆಗಳು ಮೌನವಾಗಿರುತ್ತವೆ. ವಿಜಯಪುರದಿಂದ ಬೆಂಗಳೂರಿಗೆ ಸುಮಾರು 530 ಕಿ.ಮೀ.; ಬೆಳಿಗ್ಗೆ ಗುಮ್ಮಟ ನೋಡಿ ಹತ್ತಕ್ಕೆ ಹೊರಟವರು ಅದೇ ದಿನ ಮನೆ ಸೇರಲು ಯತ್ನಿಸಿದರೆ, ಕೊನೆಯ ಗಂಟೆಗಳು ಕತ್ತಲಿನಲ್ಲಿ, ಲಾರಿಗಳ ನಡುವೆ, ವಾರದ ದಣಿವಿನೊಂದಿಗೆ ಬರುತ್ತವೆ. ಮಧ್ಯಾಹ್ನದ ಹೊತ್ತು ಆಲಮಟ್ಟಿ ಜಲಾಶಯದ ಬಳಿ ಇಲ್ಲವೇ ಕೃಷ್ಣಾ, ಮಲಪ್ರಭೆಗಳು ಸೇರುವ ಕೂಡಲಸಂಗಮದಲ್ಲಿ ನಿಂತು, ರಾತ್ರಿಗೆ ಹೊಸಪೇಟೆಯಲ್ಲಿ ದಾರಿತಂಗು ಮಾಡಿ, ಮರುದಿನ ಮುಂಜಾನೆ 2024ರಲ್ಲಿ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಅಂಕಸಮುದ್ರದ ಪಕ್ಷಿಧಾಮವನ್ನು ನೋಡಿಕೊಂಡು ಹೊರಟರೆ, ಹಿರಿಯೂರಿನಲ್ಲಿ ಊಟ ಮುಗಿಸಿಯೂ ಹೊತ್ತು ಮುಳುಗುವ ಮೊದಲೇ ತುಮಕೂರು ದಾಟಬಹುದು. ಹೊಸಪೇಟೆಯ ಪೇಟೆಬೀದಿಯ ಹೋಟೆಲು ಹಂಪಿ ನೋಡುವವರಿಗೆ ಒಗ್ಗದಿದ್ದರೂ ಈ ರಾತ್ರಿಗೆ ಹೇಳಿ ಮಾಡಿಸಿದಂತಿರುತ್ತದೆ.